ಒಂದು ಮೊಳ ಮಟ್ಟಸ ಜಾಗ

ಮಗಳು ಲಾವಣ್ಯಳ ಕಕ್ಕದಲ್ಲಿ ಕರಿ ಚುಕ್ಕಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುವ ಚಾಳಿ ನನಗೆ ಅಂಟಿಕೊಂಡು ಎಂಟು ತಿಂಗಳಾಯಿತು. ಓದುವವರಿಗೆ ಹೇಸಿಗೆ ಅನ್ನಿಸಿದರೆ ಕ್ಷಮೆಯಿರಲಿ, ನನಗೂ ಹೇಸಿಗೆಯೇ. ಮಧುಗಿರಿಯ ಮಕ್ಕಳ ಡಾಕ್ಟರು, "ಬಾಳೆಹಣ್ಣು ತಿನ್ನೋ ಮಗುಗೆ ಅದೆಲ್ಲ ಸಾಮಾನ್ಯ, ನೀವು ನೋಡೋದು ನಿಲ್ಸಿ" ಎಂದು ಎರಡು ಸಲ ಹೇಳಿದರು. ಮೂರನೇ ಸಲ ಹೋದಾಗ ಚೀಟಿಯನ್ನೇ ಬರೆಯಲಿಲ್ಲ. ಆದರೂ ಬಿಡಲಾಗುವುದಿಲ್ಲ. ಯಾಕೆಂದರೆ ಆ ದಿನ ಅವಳ ಬಾಯಿಂದ ಬೂದು ಬಣ್ಣದ ರಾಡಿಯನ್ನು ಬೆರಳು ಹಾಕಿ ಬಳಿದು ತೆಗೆದವಳು ನಾನು. ಎಷ್ಟು ತೆಗೆದೆ ಅನ್ನುವುದು ಗೊತ್ತು. ಎಷ್ಟು ಒಳಗೆ ಹೋಯಿತು ಅನ್ನುವುದು ಗೊತ್ತಿಲ್ಲ.

ರಾಡಿ ಹೊನ್ನತ್ತೆಯದು. ಹೊನ್ನಕ್ಕ ನನ್ನ ಗಂಡ ರಾಜಣ್ಣನ ಸೋದರತ್ತೆ. ಬಡವನಹಳ್ಳಿಯ ನಮ್ಮ ಮನೆಯಲ್ಲೇ ಇದ್ದವರು. ಐವತ್ತೆಂಟು ವಯಸ್ಸು, ಒಣಗಿದ ಸೀಗೆಕಾಯಿಯಂಥ ಮೈ. ಕುರಿ ಹಟ್ಟಿಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ತುಮಕೂರಿನಲ್ಲಿ ಗಡಿಯಾರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದಕ್ಕೆ ಸೇರಿಕೊಂಡರು. ಅಲ್ಲಿ ಇಪ್ಪತ್ತಮೂರು ವರ್ಷ ಒಂದೇ ಮೇಜು, ಒಂದೇ ಕೆಲಸ. ಅದರ ಹೆಸರು ಲ್ಯಾಪಿಂಗ್. ಮಟ್ಟಸವಾದ ತಳದ ಮೇಲೆ ಎಣ್ಣೆ ಕಲಸಿದ ಸಾಣೆ ಪುಡಿಯ ಬೂದು ರಾಡಿ ಸವರಿ, ಲೋಹದ ಚೂರನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜುತ್ತಾ ಹೋಗುವುದು. ತಳ ಎಷ್ಟು ಮಟ್ಟವೋ ಚೂರೂ ಅಷ್ಟೇ ಮಟ್ಟವಾಗುತ್ತದೆ.

"ತಳ ಕಲ್ಸಿದ್ನೇ ಚೂರು ಕಲಿಯಾದು ಕಣಮ್ಮ," ಎಂದು ಹೊನ್ನತ್ತೆ ನನಗೆ ವಿವರಿಸಿದ್ದರು. "ತಳ ಡೊಂಕಾದ್ರೆ ಅದೂ ಡೊಂಕೇ ಕಲೀತದೆ."

ಕಾರ್ಖಾನೆಯಲ್ಲಿ ಕಬ್ಬಿಣದ ಒಂದು ಸರ್ಫೇಸ್ ಪ್ಲೇಟ್, ಅಂದರೆ ಮಟ್ಟ ನೋಡುವ ದಪ್ಪ ಹಲಗೆ, ಇತ್ತಂತೆ. ಅದಕ್ಕೆ ಮರದ ಮುಚ್ಚಳ, ಮುಚ್ಚಳಕ್ಕೆ ಬೀಗ. ಅದರ ಮೇಲೆ ಟಿಫನ್ ಡಬ್ಬಿ ಇಟ್ಟವನೊಬ್ಬನನ್ನು ಫೋರ್‌ಮನ್ ಮೂರು ದಿನ ಮಾತಾಡಿಸಲಿಲ್ಲವಂತೆ. ಕಾರ್ಖಾನೆ ಮುಚ್ಚಿದಾಗ ಪ್ಲೇಟು ಗುಜರಿಗೆ ಹೋಯಿತು. ಹೊನ್ನತ್ತೆ ಊರಿಗೆ ಬಂದರು, ಫೋರ್‌ಮನ್ ಕೊಟ್ಟ ಒಂದಡಿ ಉದ್ದದ ಉಕ್ಕಿನ ಪಟ್ಟಿಯೊಂದನ್ನು ಸೀರೆಯಲ್ಲಿ ಸುತ್ತಿಕೊಂಡು. ಯಾವ ಜಾಗ ಮಟ್ಟ, ಯಾವುದು ಅಲ್ಲ ಎಂದು ನೋಡುವುದಕ್ಕೆ ಅದೊಂದೇ ಅವರ ಸಾಕ್ಷಿ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಡುವುದು. ಅಡಿಯಿಂದ ಬೆಳಕು ನುಸುಳಿದರೆ ಆ ಜಾಗ ಕೆಲಸಕ್ಕೆ ಬಾರದು.

ಈಗ ಈ ಕಡೆಯ ಕುರಿಯವರೆಲ್ಲ ಉಣ್ಣೆ ಕತ್ತರಿಸಲು ಮೆಷಿನ್ ಇಟ್ಟುಕೊಂಡಿದ್ದಾರೆ. ಕೆಳಗೆ ಹದಿಮೂರು ಹಲ್ಲಿನ ಬಾಚಣಿಗೆ, ಮೇಲೆ ಆಡುವ ನಾಲ್ಕು ಹಲ್ಲಿನ ಬ್ಲೇಡು. ಎರಡರ ಮುಖವೂ ಒಂದಕ್ಕೊಂದು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಬೇಕು. ಮೊಂಡಾದವನ್ನು ಹಟ್ಟಿಯವರು ಎಸೆಯುತ್ತಿದ್ದರು. ಎಸೆದವನ್ನು ಆಯ್ದು ತಂದು ಸರಿಮಾಡಿ ಕೊಡಲು ಶುರುಮಾಡಿದವರು ಹೊನ್ನತ್ತೆ. ಬರುವಾಗ ಆ ಬಾಚಣಿಗೆಗಳ ಸ್ಥಿತಿ ಹೇಳಬೇಕೇ? ಉಣ್ಣೆಯ ಜಿಡ್ಡು, ಒಣಗಿದ ಹಿಕ್ಕೆ, ಹಲ್ಲಿನ ಸಂದಿಯಲ್ಲಿ ರಕ್ತ ಕುಡಿದು ಸತ್ತ ಉಣುಗು. ಅದನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದರು. ಯಾವ ಪಾತ್ರೆಯಲ್ಲಿ ಎಂದು ಕೇಳಬೇಡಿ. ಮೊಸರು ಹೆಪ್ಪು ಹಾಕಲು ನಾನು ತವರಿನಿಂದ ತಂದಿದ್ದ ಸ್ಟೀಲ್ ಬೋಗುಣಿಯಲ್ಲಿ.

ಬೆಂಗಳೂರಿನ ರಾಜಾಜಿನಗರದಲ್ಲಿ ಓದಿದ ನನಗೆ ಈ ಮನೆಯಲ್ಲಿ ಮೊದಲ ಎರಡು ವರ್ಷ ಹೋದದ್ದು ಕೈ ತೊಳೆಯುವುದರಲ್ಲೇ.

ಅವರಿಗೆ ಎಲ್ಲ ಇತ್ತು. ಮಟ್ಟಸವಾದ ಜಾಗವೊಂದೇ ಇರಲಿಲ್ಲ. ಬಚ್ಚಲಿಗೆ ಹಾಕಿ ಮಿಕ್ಕಿದ ಟೈಲ್ಸ್ ತಂದು ಪಟ್ಟಿ ಇಟ್ಟರು. ಅಡಿಯಿಂದ ಬಿದಿಗೆ ಚಂದ್ರನಂಥ ಬೆಳಕು.

"ಬಾಳೆಹಣ್ಣು ಕಣಮ್ಮ ಇದು, ಟೈಲ್ಸ್ ಅಲ್ಲ."

ಕಿಟಕಿ ಗಾಜು ಕೈ ಒತ್ತಿದರೆ ಬಾಗುತ್ತಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಡ್ರೆಸಿಂಗ್ ಟೇಬಲ್ಲಿನ ಕನ್ನಡಿ ಹಿತ್ತಿಲ ಜಗಲಿಯ ಮೇಲೆ ಅಂಗಾತ ಮಲಗಿದೆ, ಮೇಲೆಲ್ಲ ಬೂದು ರಾಡಿ. ಹೊನ್ನತ್ತೆ ಸ್ಕ್ರೂ ಬಿಚ್ಚಿ ತಂದಿದ್ದರು.

"ಮುಖ ನೋಡ್ಕೊಳಾಕೆ ಬಚ್ಚಲಲ್ಲಿ ಒಂದು ಐತಲ್ಲ. ಇದು ದಪ್ಪ್‌ಗದೆ, ವಸಿ ಪರವಾಗಿಲ್ಲ."

ನಾನು ಎರಡು ದಿನ ಊಟ ಬಿಟ್ಟೆ. ಯಾರೂ ಗಮನಿಸಲಿಲ್ಲ.

ಮಾರ್ಚಿನಲ್ಲಿ ಮಗುವಿಗೆ ಲಸಿಕೆ ಹಾಕಿಸಿಕೊಂಡು ಬಂದು, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ನೀರು ತರಲು ಆಚೆ ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಅವಳ ಐದೂ ಬೆರಳು ಬಾಯೊಳಗೆ. ಗಲ್ಲದಿಂದ ಬೂದು ಜೊಲ್ಲು ಇಳಿಯುತ್ತಿದೆ. ನಾವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹೊನ್ನತ್ತೆ ಕಟ್ಟೆಯ ಮೇಲೆ ಆರು ಬಾಚಣಿಗೆ ಉಜ್ಜಿದ್ದರು. ಒರೆಸಿದ್ದರಂತೆ. ಮೂಲೆಯಲ್ಲೊಂದಿಷ್ಟು ಉಳಿದಿತ್ತು.

ಅವತ್ತು ನಾನು ಆಡಿದ ಮಾತುಗಳನ್ನು ಬರೆಯುವುದಿಲ್ಲ. ಹೊನ್ನತ್ತೆ ಕೇಳಿಸಿಕೊಂಡು, ಕೊನೆಗೆ ಇಷ್ಟೇ ಅಂದರು: "ತಪ್ಪಾಯ್ತು. ಆದ್ರೆ ಹೆಂಗಮ್ಮ ಮಾಡ್ಲಿ, ಈ ಮನೇಲಿ ಮಟ್ಟಸವಾಗಿರಾದು ಅದೊಂದೇ."

ಕಟ್ಟೆಯನ್ನು ಉಳಿಸಿಕೊಳ್ಳಬೇಕಾದರೆ ಅವರಿಗೊಂದು ತಳ ಹುಡುಕಿಕೊಡುವುದೇ ದಾರಿ ಎಂದು ನಾನೇ ಮೊಬೈಲು ಹಿಡಿದೆ. ಸರ್ಫೇಸ್ ಪ್ಲೇಟಿನ ಬೆಲೆ ನಮ್ಮ ಫ್ರಿಜ್ಜಿಗಿಂತ ಜಾಸ್ತಿ ಇತ್ತು. "ಅಷ್ಟ್ರಲ್ಲಿ ಎಲ್ಡು ಟಗರು ಬತ್ತವೆ ಬುಡು," ಅಂದರು ಹೊನ್ನತ್ತೆ. ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ರಾಜಣ್ಣನದು ಗೂಡ್ಸ್ ಆಟೋ. ಬಾಡಿಗೆ ಎತ್ತ ಸಿಕ್ಕರೆ ಅತ್ತ ನಾವೂ ಹತ್ತುತ್ತಿದ್ದೆವು. ಮಗು ನನ್ನ ಕಂಕುಳಲ್ಲಿ, ಪಟ್ಟಿ ಅವರ ಕಂಕುಳಲ್ಲಿ.

ಗೊರವನಹಳ್ಳಿಗೆ ಮಾತ್ರ ಬಸ್ಸಿನಲ್ಲಿ ಹೋದೆವು, ಮಗುವಿನ ಹರಕೆಗೆ. ದರ್ಶನ ಮುಗಿಸಿ ಹೋಟೆಲಿನಲ್ಲಿ ಕೂತಿದ್ದೇ ತಡ, ಹೊನ್ನತ್ತೆ ಲೋಟಗಳನ್ನು ಪಕ್ಕಕ್ಕೆ ಸರಿಸಿ, ಪಟ್ಟಿ ನಿಲ್ಲಿಸಿ, ಸಾಂಬಾರಿನ ಅಂಟು ಮೆತ್ತಿದ ಆ ಟೇಬಲ್ಲಿಗೆ ಕೆನ್ನೆ ಹಚ್ಚಿ ಮಲಗಿಬಿಟ್ಟರು, ಒಂದು ಕಣ್ಣು ಮುಚ್ಚಿಕೊಂಡು. ಅವರ ಕೆನ್ನೆಗೆ ಯಾರದೋ ಎಂಜಲಿನ ಅನ್ನದಗುಳು ಅಂಟಿತು. ನಾನು ಇಡ್ಲಿಯ ತಟ್ಟೆ ದೂರ ತಳ್ಳಿದೆ.

ಸಪ್ಲೈಯರ್ ಬಂದು ಸೊಂಟದ ಮೇಲೆ ಕೈ ಇಟ್ಟ. "ಯಾಕಜ್ಜಿ, ಇಡ್ಲಿ ಸಣ್ಣದಾಯ್ತು ಅಂತ ಅಳೀತಿದೀಯಾ?"

"ಇಡ್ಲಿ ಅಲ್ಲ ಕಣ್ಲಾ, ನಿನ್ ಟೇಬಲ್ಲು ಹಳ್ಳ ಬಿದ್ದದೆ. ಸಾಂಬಾರು ಒಂದೇ ಕಡೀಕೆ ಓಡ್ತದಲ್ಲ, ನೋಡಿಲ್ವಾ?"

"ಓಡಿದ್ರೆ ಓಡ್ಲಿ ಬುಡಜ್ಜಿ, ಹೋಟ್ಲು ಬಿಟ್ಟು ಎಲ್ಲೋಯ್ತದೆ?"

ಸುತ್ತಲಿನವರು ನಕ್ಕರು. ಹೊನ್ನತ್ತೆಯೂ ನಕ್ಕರು. ನಾನು ಕರವಸ್ತ್ರದಿಂದ ಮಗುವಿನ ಮುಖ ಮುಚ್ಚಿದೆ. ನಾಚಿಕೆಯಾದದ್ದು ನನಗೆ, ಮುಚ್ಚಿದ್ದು ಅವಳ ಮುಖ.

ಶಿರಾದ ಕಲ್ಲಿನ ಅಂಗಡಿಯಲ್ಲಿ ಸಿಂಕಿಗೆಂದು ಕೊರೆದು ತೆಗೆದ ಗ್ರಾನೈಟ್ ತುಂಡುಗಳು ಗೋಡೆಗೆ ಒರಗಿದ್ದವು. ಅಂಗಡಿಯ ಸಾಬರು ಒಂದನ್ನು ತಟ್ಟಿ, "ಅಮ್ಮಾ, ಏಕ್ ನಂಬರ್ ಪೀಸ್. ಗ್ಯಾರಂಟಿ ಪ್ಲೇನ್," ಅಂದರು. ಹೊನ್ನತ್ತೆ ಪಟ್ಟಿ ಇಟ್ಟು ನೋಡಿ ತಲೆಯಾಡಿಸಿದರು.

"ಹೊಳಿಯಾದೆಲ್ಲ ಮಟ್ಟ ಅಲ್ಲ ಸಾಬ್ರೆ. ನಿಮ್ಮೋನು ಮಧ್ಯಕ್ಕೆ ಪಾಲಿಶ್ ಜಾಸ್ತಿ ಹೊಡ್ದವ್ನೆ."

"ಅರೆ! ಇದರ ಮ್ಯಾಲೆ ಕುರಿ ಬ್ಲೇಡು ಉಜ್ತೀರೋ, ರಾಕೆಟ್ ಬಿಡ್ತೀರೋ?"

ಹಾಗೆ ಹೇಳಿದರೂ ಅವರಿಗೆ ಕುತೂಹಲ ಹತ್ತಿತು. ಟೀ ತರಿಸಿದರು. ಮಗುವಿಗೆಂದು ಬಿಸ್ಕತ್ತು ಕೊಟ್ಟರು. ಕಲ್ಲಿನ ಧೂಳು ಹಿಡಿದ ಅವರ ಬೆರಳು ನೋಡಿ ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡೆ. ಟೀ ಮುಗಿಸಿ ಸಾಬರು ಹೇಳಿದರು: "ಪಾವಗಡದಾಗೆ ಒಂದು ಹಳೇ ಪ್ರಿಂಟಿಂಗ್ ಪ್ರೆಸ್ ಇತ್ತು. ಅವರ ಹತ್ರ ಒಂದು ಕಲ್ಲು ಐತೆ. ಖುದಾ ಕಸಂ, ಅದರ ಮ್ಯಾಲೆ ನೀರು ಬಿಟ್ರೆ ಯಾವ ಕಡೆ ಹೋಗ್ಬೇಕು ಅಂತ ನೀರಿಗೇ ಗೊತ್ತಾಗಲ್ಲ."

ಪ್ರೆಸ್ಸಿನ ಯಜಮಾನರು ನಾಗಲಿಂಗಯ್ಯ. ಎಪ್ಪತ್ತು ದಾಟಿದವರು, ಹಣೆ ತುಂಬ ವಿಭೂತಿ. ಮುದ್ರಣ ನಿಲ್ಲಿಸಿ ಹದಿನಾರು ವರ್ಷವಾಗಿತ್ತು. ಕಲ್ಲು ಹಿತ್ತಿಲಲ್ಲಿತ್ತು, ಮೂರು ಬೆರಳು ದಪ್ಪದ ಕರಿ ಕಡಪ ಕಲ್ಲು, ಒಂದು ಮೊಳ ಅಗಲ, ಒಂದೂವರೆ ಮೊಳ ಉದ್ದ. ಅದರ ಮೇಲೆ ಅವರ ಹೆಂಡತಿ ಸರ್ವಮಂಗಳಮ್ಮ ಸಂಡಿಗೆ ಒಣಹಾಕಿದ್ದರು, ಸಂಡಿಗೆಯ ಮೇಲೆ ನೊಣ.

"ಇದಿ ಪೇಜಿ ಕಟ್ಟೋ ಕಲ್ಲು ಅಮ್ಮಾ," ಎಂದರು ನಾಗಲಿಂಗಯ್ಯ, ಅರ್ಧ ತೆಲುಗಿನಲ್ಲಿ. "ಸೀಸದ ಅಕ್ಷರಾಲು ಇದರ ಮೇಲೆ ಜೋಡ್ಸಿ ಬಿಗೀತಿದ್ವಿ. ಒಂದಕ್ಷರ ಎದ್ದು ನಿಂತ್ರೆ ಪೇಪರೇ ಹರ್ಕೊಂಡು ಪೋತುಂದಿ. ಮಾ ನಾಯನ, ನಮ್ಮಪ್ಪ, ಬಳ್ಳಾರಿಯಿಂದ ಎತ್ತಿನ ಬಂಡೀಲಿ ತಂದಿದ್ದು."

ಹೊನ್ನತ್ತೆ ಸಂಡಿಗೆಯನ್ನು ಒಂದೊಂದಾಗಿ ಬಿಡಿಸಿ ಮೊರಕ್ಕೆ ಹಾಕಿದರು. ಸೆರಗಿನಿಂದ ಒರೆಸಿ ಪಟ್ಟಿ ಇಟ್ಟರು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ನಾನು ಟಾರ್ಚ್ ಹಿಡಿದಿದ್ದೆ. ಬೆಳಕು ಎಲ್ಲಿಯೂ ದಾಟಲಿಲ್ಲ. ಅವರು ಹಾಗೇ ನೆಲಕ್ಕೆ ಕೂತುಬಿಟ್ಟರು. ಅಳುತ್ತಾರೇನೋ ಎಂದು ನನಗೆ ಗಾಬರಿ. ಅವರು ಮೊರದಿಂದ ಅರೆಹಸಿ ಸಂಡಿಗೆಯೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ನೊಣ ಕೂತಿದ್ದ ಸಂಡಿಗೆಯನ್ನೇ.

"ಎಷ್ಟು ಕೊಡ್ಲಿ ಅಯ್ನೋರೆ?"

"ಹಳೇ ಕಲ್ಲಿಗೆ ರೇಟೇಮಿ? ಸಂಡಿಗೆಗೆ ಒಂದು ಪ್ಲಾಸ್ಟಿಕ್ ಶೀಟು ಕೊಡ್ಸಿ ತಗೊಂಡು ಪೋಮ್ಮಾ. ಚಪ್ಪಲಿ ಮಾತ್ರ ಅದರ ಮೇಲೆ ಇಡ್ಬೇಡ್ರಿ."

ಪಾವಗಡದ ಪೇಟೆಯಲ್ಲೇ ಒಳ್ಳೆಯ ಶೀಟು ಕೊಂಡು ಕೊಟ್ಟೆವು. ದಾರಿಯುದ್ದಕ್ಕೂ ಆಟೋದ ಹಿಂದೆ ಗೋಣಿಚೀಲದ ಮೇಲೆ ಆ ಕಲ್ಲನ್ನು ಹಿಡಿದು ಕೂತಿದ್ದ ಹೊನ್ನತ್ತೆಯನ್ನು ನೋಡಿ ರಾಜಣ್ಣ, "ಅತ್ತೆ ಹೆಣ್ಣು ತುಂಬಿಸ್ಕೊಂಡು ಬರ್ತಾವ್ಳೆ," ಎಂದು ನಕ್ಕ.

ಆಮೇಲಿನ ನಾಲ್ಕು ತಿಂಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಕಲ್ಲು ಹಿತ್ತಿಲ ಜಗಲಿಯಲ್ಲಿ ಕೂತಿತು. ಜಗಲಿಗೆ ರಾಜಣ್ಣ ಒಂದು ಅಡ್ಡಗೇಟು ಹಾಕಿಸಿದ. ರಾಡಿ ಗೇಟಿನ ಆಚೆಯೇ ಉಳಿಯಿತು. ಮೊದಲು ದಪ್ಪ ಪುಡಿ, ಆಮೇಲೆ ಕಲ್ಲನ್ನು ತೊಳೆದು ಒರೆಸಿ ನಯ ಪುಡಿ, ಕೊನೆಗೆ ಹಿಟ್ಟಿನಂಥ ಪುಡಿ. ಮುಗಿದ ಬ್ಲೇಡನ್ನು ಬಾಚಣಿಗೆಯ ಮೇಲಿಟ್ಟು ಒತ್ತಿ ಎತ್ತಿದರೆ ಎರಡೂ ಒಟ್ಟಿಗೇ ಏಳುತ್ತಿದ್ದವು. ಅದನ್ನು ಹಟ್ಟಿಯವರಿಗೆ ತೋರಿಸುವಾಗ ಹೊನ್ನತ್ತೆಯ ಮುಖ ನೋಡಬೇಕಿತ್ತು. ನೂರಾರು ಕುರಿಯ ಕ್ಯಾತಣ್ಣ ತನ್ನ ಮೆಷಿನ್ನುಗಳನ್ನೆಲ್ಲ ಇಲ್ಲಿಗೇ ತಂದ. ಅವನು ಹೂಂ ಅಂದರೆ ಸುತ್ತಲ ಹತ್ತು ಹಟ್ಟಿಯೂ ಹೂಂ ಅನ್ನುತ್ತವೆ.

ಆಯುಧಪೂಜೆಗೆ ಹೊನ್ನತ್ತೆ ಮದಲೂರಿನಲ್ಲಿದ್ದರು, ಒಡಹುಟ್ಟಿದ ತಮ್ಮ ಅಂಜಿನಮೂರ್ತಿಯ ಮನೆಯಲ್ಲಿ. ರಾಜಣ್ಣ ಆಟೋ ತೊಳೆದು ಪೂಜೆ ಮಾಡುತ್ತಾ, "ಅತ್ತೆ ಕಲ್ಲಿಗೂ ಒಂದು ಹೂ ಇಟ್ಬುಡು, ಚಿತ್ರಾ," ಅಂದ. ನಾನು ಬರೀ ಹೂವಿಗೆ ನಿಲ್ಲುವವಳೇ? ಲಾವಣ್ಯ ಆಗಷ್ಟೇ ನಡೆಯಲು ಕಲಿತಿದ್ದಳು, ಗೇಟಿನ ಸರಳು ಹಿಡಿದು ಆ ಕಡೆಗೇ ನೋಡುತ್ತಿದ್ದಳು. ಈ ಕಲ್ಲಿನಿಂದ ನನ್ನ ಮಗುವಿಗೆ ಇನ್ನೊಮ್ಮೆ ಕೇಡಾಗದಿರಲಿ ಎಂದು ಏಳು ನಿಂಬೆಹೋಳಿಗೆ ಕುಂಕುಮ ಹಚ್ಚಿ, ಹಿಂಡಿ, ಕಲ್ಲಿನ ಮೇಲೆ ಬೋರಲು ಹಾಕಿದೆ. ಪೂಜೆ ಮಾಡಿದ ಆಯುಧವನ್ನು ಮಾರನೇ ದಿನ ಸಂಜೆಯವರೆಗೂ ಕದಲಿಸಬಾರದು ಎನ್ನುವುದು ಈ ಮನೆಯ ಪದ್ಧತಿ. ನಾನು ಪದ್ಧತಿ ಪಾಲಿಸಿದೆ.

ವಿಜಯದಶಮಿ ಸಂಜೆ ಹೋಳು ಎತ್ತಿದರೆ ಅಡಿಯಲ್ಲಿ ಏಳು ಬಿಳಿ ಉಂಗುರ. ಬೆರಳಿಟ್ಟರೆ ತರಿತರಿ. ಕಡಪ ಕಲ್ಲು ಸುಣ್ಣದ ಕಲ್ಲು. ಅದಕ್ಕೆ ಹುಳಿ ಬಿದ್ದರೆ ಕಲ್ಲು ಕರಗುತ್ತದೆ. ಎಂಟನೇ ಕ್ಲಾಸಿನಲ್ಲಿ ನಾನೇ ಸುಣ್ಣದ ಕಲ್ಲಿಗೆ ಆಸಿಡ್ ಬಿಟ್ಟು, ನೊರೆ ಬರುವುದನ್ನು ನೋಡಿ, ಚಿತ್ರ ಬರೆದು, ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡಿದ್ದೆ. ಥೂ.

ಆಮೇಲೆ ಮಾಡಿದ ಕೆಲಸ ಇನ್ನೂ ಅಸಹ್ಯದ್ದು. ಮಗುವಿನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಂದು ಕಲ್ಲಿಗೆ ಸವರಿದೆ. ಬಿಳಿ ಉಂಗುರಗಳು ಕಪ್ಪಿನಲ್ಲಿ ಮುಳುಗಿಹೋದವು. ಎರಡು ದಿನ ಬಿಟ್ಟು ಹೊನ್ನತ್ತೆ ಬಂದು, ಕಲ್ಲನ್ನು ನೋಡಿ, "ಫಳಫಳ ಅನ್ನಂಗೆ ಮಡಗಿದ್ದೀಯ," ಎಂದು ಮೆಚ್ಚಿದರು. ನಾನು ನಕ್ಕೆ.

ಆ ತರಿಯೊಳಗೆ ದಪ್ಪ ಪುಡಿ ಅಡಗಿಕೊಳ್ಳುತ್ತಿತ್ತು. ತೊಳೆದರೂ ಹೋಗುತ್ತಿರಲಿಲ್ಲ; ಪುಡಿಯಲ್ಲೂ ಎಣ್ಣೆ ಇದ್ದದ್ದರಿಂದ ಉಂಗುರ ಮೇಲೆದ್ದು ಕಾಣುತ್ತಲೂ ಇರಲಿಲ್ಲ. ನಯಗೆಲಸದ ಹೊತ್ತಿಗೆ ಒಂದೊಂದೇ ಕಾಳು ಎದ್ದು ಬಂದು ಬ್ಲೇಡಿನ ಮುಖ ಗೀರುತ್ತಿತ್ತು. ಇದನ್ನು ಯೋಚಿಸಿ ತಿಳಿಯುವಷ್ಟು ಬುದ್ಧಿ ನನಗಿತ್ತು. ಹೊನ್ನತ್ತೆ ಆಗಾಗ ಕೈ ನಿಲ್ಲಿಸಿ ಕಲ್ಲಿನ ಮೇಲೆ ಹೆಬ್ಬೆರಳು ಎಳೆದು, "ಏನೋ ತಡೀತದಲ್ಲ," ಎಂದು ಗೊಣಗಿ, ಆಮೇಲೆ ತಮ್ಮ ಬೆರಳನ್ನೇ ಉಜ್ಜಿಕೊಳ್ಳುತ್ತಿದ್ದರು. "ಬೆರಳು ಜಡ್ಡುಗಟ್ಟದೆ."

ದೀಪಾವಳಿಯ ಹಿಂದಿನ ವಾರ ಕ್ಯಾತಣ್ಣ ಬಂದ. ಹೆಗಲ ಮೇಲೆ ಒಂದು ಕುರಿ.

"ಹೊನ್ನಕ್ಕಾ, ವಸಿ ಬಾರಮ್ಮ ಆಚೆಗೆ. ನಿನ್ ಕೆಲ್ಸ ತಂದಿವ್ನಿ ನೋಡು."

ಕುರಿಯನ್ನು ಅಂಗಳದಲ್ಲಿ ಮಲಗಿಸಿ ಪಕ್ಕೆಯ ತುಪ್ಪಟ ಸರಿಸಿದ. ನಾನು ಮೊದಲು ವಾಸನೆಯನ್ನು ಕಂಡೆ, ಆಮೇಲೆ ಗಾಯವನ್ನು. ಅಂಗೈಯಷ್ಟು ಅಗಲ, ಅದರ ತುಂಬ ಹುಳ. ಒಂದರ ಮೇಲೊಂದು ಹೊರಳುತ್ತಾ, ಗಾಯವೇ ಉಸಿರಾಡುತ್ತಿದೆಯೇನೋ ಅನ್ನುವ ಹಾಗೆ. ಅವನು ಟರ್ಪೆಂಟೈನ್ ಸುರಿದ. ಹುಳಗಳು ಬುಳಬುಳನೆ ಉದುರಿದವು. ಕಂಕುಳಲ್ಲಿದ್ದ ಲಾವಣ್ಯ ಕೈ ಚಾಚಿ, "ಮಮ್ಮು," ಅಂದಳು. ಅನ್ನ ಅಂದುಕೊಂಡಿದ್ದಳು. ನಾನು ಅಲ್ಲೇ, ರಂಗೋಲಿಯ ಮೇಲೆ, ವಾಂತಿ ಮಾಡಿಕೊಂಡೆ.

"ಹನ್ನೊಂದು ಕುರಿ ಕಣಮ್ಮ," ಅಂದ ಕ್ಯಾತಣ್ಣ. "ಕೂದ್ಲು ಕತ್ತರಿಸ್ನಿಲ್ಲ ನಿನ್ ಬ್ಲೇಡು. ತೊಗಲು ಹಿಡ್ಕಂಡು ಕಚ್ತು. ನಾವು ನೋಡ್ಕಳೋ ಹೊತ್ಗೆ ನೊಣ ಕೂತಿದ್ವು."

ಹೊನ್ನತ್ತೆ ಅವನ ಕೈಯಿಂದ ಬಾಚಣಿಗೆ ತೆಗೆದುಕೊಂಡು ಬಿಸಿಲಿಗೆ ಹೋದರು. ಓರೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಗೀರವೆ," ಅಂದರು. "ನಾನೇ ಬಿಟ್ಟಿವ್ನಿ. ನಂಗೆ ಕಾಣ್ನೇ ಇಲ್ಲ."

ಬೈಯಲು ಬಂದವನ ಮುಖ ಮೆತ್ತಗಾಯಿತು. "ವಯಸ್ಸಾಯ್ತು ಬುಡಕ್ಕ. ನಂಗೂ ಮುಳ್ಳು ಕೀಳಾಕೆ ಮೊಮ್ಮಗಳೇ ಬೇಕು ಈಗ. ಚಳ್ಳಕೆರೆ ಕಡೆಯೋನೊಬ್ಬ ಬತ್ತಾನಂತೆ, ಅವನ್ ತಾವ ಮಾಡಿಸ್ಕತೀನಿ. ನೀನು ಬ್ಯಾಸರ ಮಾಡ್ಕಬ್ಯಾಡ."

ಆ ಕಲ್ಲಿನಿಂದ ಆರಡಿ ದೂರದಲ್ಲಿ ನಾನು ನಿಂತಿದ್ದೆ. ಒಂದು ಮಾತು ಸಾಕಿತ್ತು. "ಮಗುಗೆ ಸ್ನಾನ ಮಾಡಿಸ್ಬೇಕು," ಎಂದು ಒಳಗೆ ಹೋದೆ.

ಅವತ್ತು ಮಧ್ಯಾಹ್ನವೆಲ್ಲ ಹೊನ್ನತ್ತೆ ಕಲ್ಲಿನ ಮುಂದೆ ಕೂತು ಹತ್ತೂ ಬೆರಳನ್ನು ಒಂದೊಂದಾಗಿ ಎಳೆದೆಳೆದು ನೋಡಿದರು. ಎಡಗೈ, ಬಲಗೈ, ಕಣ್ಣು ಮುಚ್ಚಿ, ಕಣ್ಣು ಬಿಟ್ಟು. ಕೊನೆಗೆ ರಾಜಣ್ಣನಿಗೆ ಹೇಳಿದರು: "ಕಣ್ಣು ಹೋದ್ರೆ ಕನ್ನಡಕ ತಂದ್ಕಬೋದು ಕಣ್ಲಾ. ಕಲ್ಲು ಮಟ್ಟಗೈತೆ ಅಂತ ಪಟ್ಟಿ ಹೇಳ್ತದೆ, ಇಲ್ಲ ಅಂತ ಬೆರಳು ಹೇಳ್ತದೆ. ಬೆರಳೇ ಸುಳ್ಳು ಹೇಳಾಕೆ ಸುರು ಮಾಡ್ದ ಮ್ಯಾಲೆ ಈ ಕೆಲ್ಸ ಮಾಡಬಾರದು. ಬಾಯಿಲ್ಲದ ಪ್ರಾಣಿ ಅವು."

ಮಾರನೇ ದಿನ ಸಾಮಾನು ಗಂಟು ಕಟ್ಟಿ ಮದಲೂರಿನ ಬಸ್ಸು ಹತ್ತಿದರು. ಕಲ್ಲು ಭಾರವೆಂದು ಇಲ್ಲೇ ಬಿಟ್ಟರು. ಹೋಗುವಾಗ ಬೋಗುಣಿಯನ್ನು ಸೀಗೆಪುಡಿ ಹಾಕಿ ತಿಕ್ಕಿ ನನ್ನ ಕೈಗೆ ಕೊಟ್ಟರು. "ಮೊಸರಿಗೆ ಬಳಸ್ಕಬೋದು ಈಗ."

ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಸೀಮೆಎಣ್ಣೆ ವಾಸನೆಯಿಲ್ಲ, ಹಿಕ್ಕೆಯಿಲ್ಲ, ಉಣುಗಿಲ್ಲ. ಜಗಲಿಗೆ ಮೂರು ಸಲ ಫಿನಾಯಿಲ್ ಹಾಕಿ ತೊಳೆದೆ. ತೊಳೆದಷ್ಟೂ ನನ್ನ ಮೇಲೇ ಹೇಸಿಗೆ ಹುಟ್ಟುತ್ತಿತ್ತು. ಕಲ್ಲಿನ ಎಣ್ಣೆ ಆರಿ ಏಳೂ ಉಂಗುರ ಮತ್ತೆ ಬೆಳ್ಳಗೆ ಎದ್ದಿದ್ದವು. ಅದರ ಮೇಲೆ ಗೋಣಿಚೀಲ ಹೊದಿಸಿದೆ. ಫೋನ್ ಕೈಗೆತ್ತಿಕೊಳ್ಳುವುದು, ಮದಲೂರಿನ ನಂಬರು ತೆಗೆಯುವುದು, ಕೆಳಗಿಡುವುದು. ಹೇಳಿದರೆ ಅವರು ವಾಪಸು ಬರುತ್ತಾರೆ. ಬಂದರೆ ರಾಡಿಯೂ ಬರುತ್ತದೆ. ಲಾವಣ್ಯಳ ಕೈಗೆ ಈಗ ಗೇಟಿನ ಚಿಲಕ ಎಟಕುತ್ತದೆ. ಇದನ್ನೇ ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಂಡೆ. ತಾಯಿಯ ಆತಂಕ ಎಂದು ಹೆಸರಿಟ್ಟರೆ ಎಂಥ ಹೇಡಿತನವೂ ಮರ್ಯಾದಸ್ಥವಾಗಿಬಿಡುತ್ತದೆ.

ಹನ್ನೆರಡನೇ ದಿನ, ಭಾನುವಾರ, ತಿಂಡಿ ತಿನ್ನುತ್ತಾ ರಾಜಣ್ಣ ಹೇಳಿದ: "ಅತ್ತೆ ಸಾಮಾನೆಲ್ಲ ಆ ಚಳ್ಳಕೆರೆಯೋನಿಗೇ ಕೊಟ್ಬುಡ್ತಾರಂತೆ. ಈಗ ಬಂದವ್ನಂತೆ, ಅಂಜಿನಮೂರ್ತಿ ಚಿಗಪ್ಪ ಫೋನ್ ಮಾಡಿದ್ರು."

"ಎಲ್ಲ ಅಂದ್ರೆ?"

"ಎಲ್ಲ. ಆ ಉಕ್ಕಿನ ಪಟ್ಟೀನೂವೆ. ಇನ್ನೊಂದು ದೋಸೆ ಹಾಕು."

ದೋಸೆ ಹಾಕಲಿಲ್ಲ. ಹಂಚಿನ ಉರಿ ಆರಿಸಿ, ಹಿತ್ತಿಲಿಗೆ ಹೋಗಿ ನಂಬರು ಒತ್ತಿದೆ. ಅಂಜಿನಮೂರ್ತಿ ಎತ್ತಿಕೊಂಡರು. ಹಿಂದೆ ಯಾರೋ ಸಾಮಾನಿನ ಸದ್ದು ಮಾಡುತ್ತಿದ್ದರು.

"ಏನಮ್ಮ ಚಿತ್ರಾ, ಮಗಾ ಚೆನ್ನಾಗೈತಾ? ಅಕ್ಕ ಇಲ್ಲೇ ಅವ್ಳೆ, ಯಾರ್ ಕೂಡ್ಲೂ ಮಾತೇ ಇಲ್ಲ, ಮೂಗ್ಬಸ್ವಿ ಆಗವ್ಳೆ."

"ಅವರಿಗೆ ಕೊಡಿ. ಬೇಗ."

"ಏನಮ್ಮ?" ಎಂದರು ಹೊನ್ನತ್ತೆ.

"ಅತ್ತೆ, ಕಲ್ಲು ಹಾಳು ಮಾಡಿದ್ದು ನಾನು. ಆಯುಧಪೂಜೆ ದಿನ ಅದರ ಮೇಲೆ ನಿಂಬೆಹಣ್ಣು ಇಟ್ಟೆ. ಹುಳಿ ಕಲ್ಲನ್ನು ತಿಂದುಹಾಕಿತು. ನಿಮಗೆ ಕಾಣದ ಹಾಗೆ ಎಣ್ಣೆ ಹಚ್ಚಿದೆ."

ಅತ್ತ ಕಡೆ ಒಂದು ಕುರಿ ಕೂಗಿತು.

"ಎಷ್ಟು ಹೋಳು ಇಟ್ಟಿದ್ದೆ?"

"ಏಳು."

"ಏಳಾ! ಮಾರಮ್ಮಂಗೂ ಅಷ್ಟು ಇಕ್ಕಾಕಿಲ್ಲ ಕಣೇ. ಎಲ್ಲೆಲ್ಲಿ?"

ಗೋಣಿಚೀಲ ಎಳೆದು ಹಾಕಿ ಮೊಣಕಾಲೂರಿ ಕೂತು ಹೇಳಿದೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಮೂರು.

"ಬೆರಳಿಕ್ಕು. ತರಿ ಅದಾ?"

"ಇದೆ ಅತ್ತೆ."

"ಅಂಗಾರೆ..." ಅವರ ದನಿ ತಗ್ಗಿತು. "ಅಂಗಾರೆ ನನ್ ಬೆರಳಿಗೆ ಸಿಕ್ಕಿದ್ದು ನಿಜವೇಯಾ?"

"ನಿಜ ಅತ್ತೆ. ನಿಮ್ಮ ಬೆರಳಿಗೆ ಏನೂ ಆಗಿಲ್ಲ."

ಫೋನು ಕಿವಿಯಿಂದ ದೂರ ಹೋದ ಸದ್ದಾಯಿತು. ಆಮೇಲೆ ಮದಲೂರು ಕೆರೆ ಏರಿಗೆ ಕೇಳಿಸುವಂಥ ಕೂಗು: "ಲೇ ಅಂಜಿನಾ! ಆ ಪಟ್ಟಿ ಇಸ್ಕಳ್ಳಾ ಅವನ್ ತಾವ! ಗಂಟು ಬಿಚ್ಸು! ಕೊಡಾಕಿಲ್ಲ ಅನ್ನು!" ಯಾರೋ ಎದುರಾಡಿದರು. "ಟೀ ಕುಡ್ಸಿ ಕಳಿಸ್ಲಾ, ಅದ್ಕೇನೀಗ!"

ಮತ್ತೆ ಫೋನಿಗೆ ಬಂದರು. ಏದುಸಿರು ಬಿಡುತ್ತಿದ್ದರು.

"ಲೇ ಕತ್ತೆ. ಹನ್ನೊಂದು ಕುರಿ ಮೈಯ್ಯಾಗೆ ಹುಳ ಬೀಳ್ಸಿದೀಯ. ಕ್ಯಾತಣ್ಣನ ಹಟ್ಟಿಗೆ ನನ್ ಜೊತೆ ನೀನೂ ಬಂದು, ನಿನ್ ಬಾಯಲ್ಲೇ ಹೇಳ್ಬೇಕು."

"ಬರ್ತೀನಿ."

"ಸಿರಾ ಸಾಬರ ತಾವ ಇದೇ ಅಳತೆ ಎಲ್ಡು ಕಡಪ ತುಂಡು ತರ್ಸು. ಮೂರು ಕಲ್ಲು ಮಾಡ್ಕಂಡು, ಒಂದರ ಮ್ಯಾಲೆ ಒಂದು, ಅದಲು ಬದಲು ಮಾಡಿ ಉಜ್ತಾ ಹೋದ್ರೆ ಮೂರೂ ಮಟ್ಟ ಆಯ್ತವೆ. ಎರಡೇ ಉಜ್ಜುದ್ರೆ ಒಂದು ಗುಳಿ, ಒಂದು ಗುಡ್ಡ ಆಗಿ ಕುಂತ್ಕತವೆ. ಅದ್ಕೇ ಮೂರು. ಹದಿನೈದು ದಿನದ ಕೆಲ್ಸ. ನಾನು ಮಾಡಾಕಿಲ್ಲ, ನೀನು ಮಾಡ್ಬೇಕು. ಆ ರಾಡೀಲಿ ಮೊಣಕೈಗಂಟ ಕೈ ಇಕ್ಕಿ."

"ಆಯ್ತು ಅತ್ತೆ," ಅಂದೆ.

"ವಾಂತಿ ಗೀಂತಿ ಅಂದ್ರೆ ಕೇಳಾಕಿಲ್ಲ."

"ಹೂಂ."

"ಮಗೀನ ಯಾರು ನೋಡ್ಕತಾರೆ ಅಂತ ಸುರು ಮಾಡ್ಬ್ಯಾಡ. ಮಗ ನನ್ ತೊಡೆ ಮ್ಯಾಲೆ ಇರ್ತದೆ. ನನ್ ಕೈ ತೊಳ್ಕಂಡಿರ್ತೀನಿ. ಸೋಪಾಕಿ."